ಹೊರಗಾಗದ ಸೊಸೆ

ಒಂದೆರಡು ವರ್ಷದ ಹಿಂದೆ ದೊಡ್ಡಆಲಹಳ್ಳಿಯಲ್ಲಿ ಲತಾಮಣಿ ಯಾರು ಅಂತ ಕೇಳಿದ್ದರೆ ಊರಿಗೆ ಊರೇ ಒಂದೇ ಉತ್ತರ ಕೊಡುತ್ತಿತ್ತು. "ಅದೇ ಕಣ್ರೀ, ಅಂಬುಜಮ್ಮನ ಸೊಸೆ. ಹೊರಗೇ ಆಗಲ್ವಲ್ಲ, ಆ ಹುಡ್ಗಿ!" ಹೇಳುವವರ ಬಾಯಲ್ಲಿ ಅದು ಬೈಗುಳವಲ್ಲ, ಬಿರುದು. ಇಂಥ ಬಿರುದು ಪ್ರಪಂಚದ ಇನ್ಯಾವ ಮೂಲೆಯಲ್ಲಾದರೂ ಒಬ್ಬ ಹೆಂಗಸಿಗೆ ಸಿಕ್ಕಿದ್ದರೆ ಹೇಳಿ, ಕೇಳೋಣ. ತಿಂಗಳು ತಿಂಗಳು ಬರಬೇಕಾದ್ದು ನಿಂತುಹೋದರೆ ಬೇರೆ ಕಡೆ ಜನ ಆಸ್ಪತ್ರೆಗೆ ಓಡುತ್ತಾರೆ. ಇವರು ಹುಳಿನ ಮನೆಗೆ ಕಳಿಸಿದರು.

ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮಿಕ್ಕವರಿಗೆ ಹೇಳಬೇಕು. ರೇಷ್ಮೆ ಹುಳ ಮೈಲಿಗೆ ತಡೆಯುವುದಿಲ್ಲ ಅಂತ ಹಳಬರ ನಂಬಿಕೆ. ಮುಟ್ಟಾದವಳು ಹುಳಿನ ಮನೆಯ ಹೊಸ್ತಿಲು ದಾಟಿದರೆ ಹಾಲುತೊಂಡೆ ಬರುತ್ತದೆ, ಅಂದರೆ ಹುಳದ ಮೈ ಊದಿ, ಒಡೆದು, ಹಾಲಿನಂಥ ಬಿಳೀ ನೀರು ಸುರಿದು, ಬೆಳೆಗೆ ಬೆಳೆಯೇ ಮಲಗಿಬಿಡುತ್ತದೆ. ಹಾಲುತೊಂಡೆ ಬರುವುದು ರೋಗಾಣುವಿನಿಂದ ಅಂತ ರೇಷ್ಮೆ ಇಲಾಖೆಯವರು ಗಂಟಲು ಹರಿಯುವ ಹಾಗೆ ಹೇಳಿ ಹೋದರು. ಕೇಳುವವರು ತಲೆಯನ್ನೂ ಆಡಿಸಿದರು, ಹೆಂಗಸರನ್ನು ಹೊರಗೂ ಕೂರಿಸಿದರು.

ಅಂಬುಜಮ್ಮ ಈ ವಿಷಯದಲ್ಲಿ ಭಾರಿ ಖಡಕ್ಕು. ಗಂಡ ಬೈರಪ್ಪ ಕಣ್ಣು ಮುಚ್ಚಿದಾಗ ಮಗ ಸ್ವಾಮಿ ಇನ್ನೂ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದ. ಆವತ್ತಿನಿಂದ ಹುಳವನ್ನೇ ನಂಬಿ ಮನೆ ನಿಲ್ಲಿಸಿದವಳು ಅವಳು. ಹುಳಿನ ಮನೆಯ ಬಾಗಿಲ ಪಕ್ಕ ಹೊಂಗೆ ಮರದ ಕೆಳಗೆ ಒಂದು ಚಪ್ಪಡಿ ಕಲ್ಲಿತ್ತು. ಹೊರಗಾದವರ ಜಾಗ ಅದು. ಅಲ್ಲಿ ಕೂತು ಒಳಗಿನವರು ಗೇಯುವುದನ್ನು ನೋಡಬಹುದೇ ಹೊರತು ಒಂದು ಎಲೆ ಸೊಪ್ಪನ್ನೂ ಮುಟ್ಟುವಂತಿಲ್ಲ.

ಲತಾಮಣಿ ಬೈರಾಪಟ್ಟಣದ ಹುಡುಗಿ. ಅವಳ ತೌರಿನಲ್ಲಿ ತೆಂಗು, ರಾಗಿ, ಎರಡು ಎಮ್ಮೆ. ಹುಳ ಕಂಡವಳೇ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹುಳ ಮುಟ್ಟಿದರೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಅದೇನು ಮೋಡಿಯೋ, ಅವುಗಳ ಮೇಲೆ ಜೀವ ಇಟ್ಟುಬಿಟ್ಟಳು. ಸೊಪ್ಪು ಹಾಕಿದ ಕೂಡಲೆ ಇಡೀ ಮನೆಯಲ್ಲಿ ತುಂತುರು ಮಳೆಯ ಹಾಗೆ ಸದ್ದು ಏಳುತ್ತದಲ್ಲ, ಅದನ್ನು ಕೇಳುತ್ತಾ ನಿಂತರೆ ಅವಳಿಗೆ ಊಟವೂ ನೆನಪಾಗುತ್ತಿರಲಿಲ್ಲ. ಆದರೆ ತಿಂಗಳಿಗೊಂದು ಸಲ ಆ ಕಲ್ಲು ಇದ್ದೇ ಇರುತ್ತಿತ್ತು. ಅವಳು ಹೊರಗಾಗುತ್ತಿದ್ದುದೂ ಹುಳ ಕೊನೇ ಜ್ವರದಿಂದ, ಅಂದರೆ ಕೊನೇ ಸಲ ಪೊರೆ ಬಿಟ್ಟು, ಎದ್ದು ಬಕಬಕ ತಿನ್ನುವ ದಿನಗಳಲ್ಲೇ, ಮನೆಗೆ ಕೈ ಸಾಲದ ಹೊತ್ತಿನಲ್ಲೇ. ಅಂಬುಜಮ್ಮ ಸೊಪ್ಪಿನ ಹೊರೆ ಹೊತ್ತು ಹೋಗುತ್ತಾ ಬರುತ್ತಾ, "ನಿಂಗೂ ಒಸಿ ಹೊತ್ತು ಗೊತ್ತಿಲ್ಲ ಕಣವ್ವ, ನೋಡ್ಕಂಡು ನೋಡ್ಕಂಡು ಇವತ್ತೇ ಕೂತ್ಕತೀಯ" ಅಂತ ಅನ್ನುತ್ತಿದ್ದಳು. ಅದೇನು ಬೇಕೂಂತ ಮಾಡುವ ಕೆಲಸವೇ? ಲತಾಮಣಿ ಕಳ್ಳಿಯ ಹಾಗೆ ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಆಮೇಲೆ ಒಂದು ತಿಂಗಳು ಮುಟ್ಟು ನಿಂತಿತು. ಅಂಬುಜಮ್ಮ ಶಾವಿಗೆ ಪಾಯಸ ಮಾಡಿ ಬೀದಿಗೆಲ್ಲ ಹಂಚಿದಳು. ಟೆಸ್ಟು ಮಾಡಿಸಿದರೆ ಬಸುರಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಕೂತು ಅತ್ತರು. ಕನಕಪುರದ ಡಾಕ್ಟರೊಬ್ಬರು ರಕ್ತ ಕಮ್ಮಿ ಅಂತ ಮಾತ್ರೆ ಬರೆದರು. ಒಂದು ಸಲ ಬಂತು, ಮತ್ತೆ ನಿಂತಿತು. ಅಷ್ಟರಲ್ಲಿ ಹೊಸ ಹುಳ ಬಂತು. ಲತಾಮಣಿ ಒಂದು ದಿನವೂ ಕಲ್ಲಿಗೆ ಹೋಗದೆ ಮೊದಲಿಂದ ಕೊನೆಯವರೆಗೆ ಸಾಕಿದ ಮೊದಲನೇ ಬೆಳೆ ಅದು. ಗೂಡು ಹೇಗಿತ್ತು ಅಂತೀರಿ! ರಾಮನಗರದ ಮಾರ್ಕೆಟ್ಟಿನಲ್ಲಿ ಕೈಗೆತ್ತಿಕೊಂಡವರು ಕೆಳಗಿಡಲಿಲ್ಲ.

ಅಲ್ಲಿಗೆ ಮುಗಿಯಿತು. ಡಾಕ್ಟರು, ಮಾತ್ರೆ ಎಲ್ಲ ಮರೆತೇ ಹೋಯಿತು. ಅಂಬುಜಮ್ಮ ಕಂಡಕಂಡವರಿಗೆ ಹೇಳಿಕೊಂಡು ಬಂದಳು: "ಮಗು ಇವತ್ತಲ್ಲ ನಾಳೆ ಆಯ್ತದೆ. ಹುಳಿನ ಮನೆಗೆ ಅಂತ್ಲೇ ಕಬ್ಬಾಳಮ್ಮ ಕಳ್ಸಿರೋ ಹುಡ್ಗಿ ಇದು." ಅಕ್ಕಪಕ್ಕದವರು ಹೊಸ ಮರಿಹುಳ ತಂದಾಗ ಮೊದಲನೇ ತಟ್ಟೆಗೆ ಇಳಿಸಲು ಲತಾಮಣಿಯನ್ನೇ ಕರೆಯತೊಡಗಿದರು. ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ಹೂವು ಕೊಟ್ಟು, "ನಿನ್ ಕೈ ಬೀಳ್ಲಿ ಕಣವ್ವ" ಅನ್ನುತ್ತಿದ್ದರು. ಮಕ್ಕಳಿಲ್ಲದ ಹೆಂಗಸಿಗೆ ಒಂದು ಊರು ಅಷ್ಟು ಮರ್ಯಾದೆ ಕೊಟ್ಟರೆ ಅವಳಾದರೂ ಏನು ಮಾಡುತ್ತಾಳೆ? ಲತಾಮಣಿ ಉಬ್ಬಿದಳು. ಅದರಲ್ಲಿ ಅವಳದೇನೂ ತಪ್ಪಿಲ್ಲ.

ತಲೆನೋವು ಶುರುವಾಯಿತು. ಅದಕ್ಕೂ ಕಾರಣ ರೆಡಿ ಇತ್ತು. ಹುಳಿನ ಮನೆ ತೊಳೆಯುವ ಬ್ಲೀಚಿಂಗ್ ಪೌಡರು. ಆ ಘಾಟಿಗೆ ಯಾರಿಗಾದರೂ ತಲೆ ನೋಯುತ್ತದೆ ಅಂತ ಸ್ವಾಮಿ ಒಂದು ಝಂಡು ಬಾಮಿನ ಡಬ್ಬಿ ತಂದುಕೊಟ್ಟ. ಹೆಂಡತಿಯ ಮೇಲೆ ಅವನಿಗೆ ಪ್ರೀತಿಯೇನೂ ಕಮ್ಮಿ ಇರಲಿಲ್ಲ, ಬುದ್ಧಿ ಓಡಬೇಕಾದ ಕಡೆ ಓಡುತ್ತಿರಲಿಲ್ಲ ಅಷ್ಟೆ.

ಆಮೇಲೆ ಒಂದು ದಿನ ಸ್ನಾನ ಮಾಡುವಾಗ ಲತಾಮಣಿ ತನ್ನ ಎದೆಯಿಂದ ಹಾಲು ಒಸರುವುದನ್ನು ಕಂಡಳು. ಹೆರದೆ, ಬಸುರಾಗದೆ, ಹಾಲು! ಅವಳ ಕಣ್ಣ ಮುಂದೆ ಬಂದು ನಿಂತದ್ದು ಹಾಲುತೊಂಡೆ ಬಂದ ಹುಳ. ಊದಿದ ಮೈ, ಒಡೆದ ಚರ್ಮ, ಬಿಳೀ ನೀರು. ಅಯ್ಯೋ ಶಿವನೇ, ಅದೇ ನಂಗೂ ಬಂತಾ ಅಂತ ಬಾಗಿಲ ಚಿಲಕ ಇನ್ನೊಂದು ಸಲ ನೋಡಿಕೊಂಡಳು. ಹೇಳಿದರೆ ಅತ್ತೆ ಹುಳಿನ ಮನೆಯೊಳಕ್ಕೆ ಬಿಡುವುದಿಲ್ಲ. ಹುಳಿನ ಮನೆ ಬಿಟ್ಟರೆ ಅವಳು ಯಾರು? ಬರೀ ಬಂಜೆ. ಹಳೇ ಪಂಚೆ ಹರಿದು ಎದೆಗೆ ಬಿಗಿದು ಕಟ್ಟಿಕೊಂಡು ಸುಮ್ಮನಾದಳು. ಬಾಯಿ ಬಿಟ್ಟಿದ್ದರೆ ಬೇಗ ಗೊತ್ತಾಗುತ್ತಿತ್ತು, ನಿಜ. ಆದರೆ ಬಾಯಿ ಬಿಡುವ ಧೈರ್ಯವನ್ನು ಅವಳಿಗೆ ಯಾರು ಕೊಟ್ಟಿದ್ದರು?

ಮುಂದಿನ ಬೆಳೆಯಲ್ಲಿ ಹುಳ ಏರುಪೇರಾದವು. ತಟ್ಟೆಯ ನಡುವಿನವು ದಪ್ಪಗೆ ಬೆರಳಿನಷ್ಟಾದರೆ ಅಂಚಿನವು ಬಡಕಲು. ಅಂಬುಜಮ್ಮ ಒಂದು ಬೆಳಿಗ್ಗೆ ಬಂದು ನೋಡಿದರೆ ಪ್ರತಿ ತಟ್ಟೆಯ ಎರಡು ಅಂಚಿನಲ್ಲೂ ಸೊಪ್ಪೇ ಇಲ್ಲ, ಹುಳ ತಲೆ ಎತ್ತಿ ತಡಕಾಡುತ್ತಿವೆ. "ಕಣ್ಣು ಎಲ್ಲಿಟ್ಟಿದ್ದೀಯೇ? ಅಂಚಿನ ಹುಳ ಏನು ಪಾಪ ಮಾಡಿದ್ವು?" ಅಂತ ರೇಗಿದಳು. ಲತಾಮಣಿಗೆ ಅರ್ಥವೇ ಆಗಲಿಲ್ಲ. ಅವಳು ನೋಡಿದಾಗ ತಟ್ಟೆ ತುಂಬಾ ಸೊಪ್ಪಿತ್ತು. ಆಣೆ ಮಾಡಿ ಹೇಳಿದಳು. ಸುಳ್ಳು ಬೇರೆ ಹೇಳ್ತೀಯಾ ಅಂತ ಇನ್ನೂ ಬೈಗುಳ ಬಿತ್ತು. ಬಾಗಿಲ ದಾರಂದ ತಗುಲಿ ಅವಳ ಎರಡು ಭುಜವೂ ಹಸಿರುಗಟ್ಟಿದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಆ ಸಲದ ಗೂಡಿನ ಜೊತೆ ಲತಾಮಣಿಯೂ ರಾಮನಗರದ ಮಾರ್ಕೆಟ್ಟಿಗೆ ಹೋದಳು. ಅಲ್ಲಿ ನೂಲು ತೆಗೆಯುವ ಗುಲ್ಜಾರ್ ಬೀ ಇವರ ಮನೆಯ ಗೂಡಿನ ಹಳೇ ಗಿರಾಕಿ. ಕೈ ತುಂಬ ಗೂಡು ಹಿಡಿದು ಕುಲುಕಿ ನೋಡಿ, "ಏನ್ ಸ್ವಾಮಿ, ಈ ಸಲ ಅರ್ಧ ಜೊಳ್ಳು" ಅಂದಳು. ಆದರೂ ಹಳೇ ಸ್ನೇಹಕ್ಕೆ ಟೀ ತರಿಸಿದಳು. ಲತಾಮಣಿಯ ಪಕ್ಕದಲ್ಲೇ ನಿಂತು ಲೋಟ ಚಾಚಿದಳು. ಲತಾಮಣಿ ತೆಗೆದುಕೊಳ್ಳಲಿಲ್ಲ, ತಿರುಗಿಯೂ ನೋಡಲಿಲ್ಲ. ಗುಲ್ಜಾರ್ ಬೀ ಚಾಚಿದ ಕೈ ಚಾಚಿದಂತೆಯೇ ಇತ್ತು. ಅಕ್ಕಪಕ್ಕದ ನಾಲ್ಕು ಜನ ನೋಡುತ್ತಿದ್ದರು. ಹುಳಿನ ಮನೆಯ ಈ ಮಡಿ ಹುಡುಗಿಯ ಕಥೆ ಅವಳ ಕಿವಿಗೂ ಬಿದ್ದಿತ್ತು. ಮುಖ ಕೆಂಪಾಯಿತು.

"ಏನಮ್ಮಾ, ನಾವು ಕೊಟ್ಟ ಟೀ ಕುಡಿದ್ರೆ ಮೈಲಿಗೆ ಆಗ್ತದಾ? ನಿಮ್ ಗೂಡು ನಮ್ ಕೈಲೇ ನೂಲಾಗೋದು, ಅದು ಗೊತ್ತಿರ್ಲಿ!"

ಲತಾಮಣಿ ಬೆಚ್ಚಿಬಿದ್ದು ಪೂರ್ತಿ ತಿರುಗಿದಳು. ಲೋಟ ಆಗ ಕಾಣಿಸಿತು. "ಅಯ್ಯೋ ಅಕ್ಕಾ, ನಮ್ಮವ್ವನ ಆಣೆಗೂ ನೀವು ನಿಂತಿದ್ದೇ ಕಾಣ್ನಿಲ್ಲ" ಅಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಗುಲ್ಜಾರ್ ಬೀ ಅವಳ ಮುಖವನ್ನೇ ನೋಡಿದಳು. ಕೋಪ ಹೋಯಿತು. ಲೋಟವನ್ನು ಅವಳ ಕಣ್ಣ ಮುಂದೆ ತಂದು, ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಕಾಣ್ತದಾ?" "ಊಂ." "ಈಗ?" "ಊಂ." "ಈಗ?" ಲತಾಮಣಿ ಲೋಟ ಹುಡುಕುತ್ತಾ ಕತ್ತು ತಿರುಗಿಸಿದಳು. ಲೋಟ ಇನ್ನೂ ಕಿವಿಯವರೆಗೂ ಹೋಗಿರಲಿಲ್ಲ. ಇನ್ನೊಂದು ಪಕ್ಕದಲ್ಲೂ ಹಾಗೇ ಆಯಿತು.

"ಯಾ ಅಲ್ಲಾ! ಸ್ವಾಮಿ, ಗೂಡು ಹಾಳಾಗ್ಲಿ, ಮೊದ್ಲು ಇವಳನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗು" ಅಂತ ಗುಲ್ಜಾರ್ ಬೀ ಕೂಗಿದಳು. ಟೀ ಆರಿ ನೀರಾಯಿತು.

ಕಣ್ಣಿನ ಡಾಕ್ಟರು ಸ್ಕ್ಯಾನಿಗೆ ಬರೆದರು, ಸ್ಕ್ಯಾನಿನವರು ಬೆಂಗಳೂರಿನ ಆಸ್ಪತ್ರೆಗೆ ಬರೆದರು. ಅಲ್ಲಿ ಹಾರ್ಮೋನಿನ ಡಾಕ್ಟರಮ್ಮ ಒಬ್ಬಳಿದ್ದಳು, ಸಿರಿ ಅಂತ. ಮಾಗಡಿ ಕಡೆಯವಳು, ಸಾವನದುರ್ಗದ ಕೆಳಗಿನ ಒಂದು ಊರು. ಅವಳ ಅಜ್ಜಿಯ ಮನೆಯಲ್ಲೂ ಹುಳ ಸಾಕುತ್ತಿದ್ದರಂತೆ. ಆಸ್ಪತ್ರೆಯ ಮಿಕ್ಕವರ ಹಾಗೆ ಗಿಣಿ ಪಾಠ ಒಪ್ಪಿಸದೆ ಮನೆಯವರ ಹಾಗೆ ಮಾತಾಡಿದಳು.

"ನಿಮ್ಮ ತಲೆ ನಡುವೆ, ಕಣ್ಣಿನ ನರ ಹಾಯೋ ಜಾಗದ ಕೆಳಗೇ ಕಡ್ಲೆಕಾಳಷ್ಟು ಒಂದು ಗ್ರಂಥಿ ಐತೆ. ಪಿಟ್ಯುಟರಿ ಅಂತಾರೆ. ಬಾಣಂತಿಗೆ ಹಾಲು ತರಿಸೋ ಹಾರ್ಮೋನ್ ತಯಾರಾಗೋದು ಅಲ್ಲೇ. ಮಿಕ್ಕ ಟೈಮಲ್ಲಿ ಮೆದುಳು ಅದಕ್ಕೆ 'ಸಾಕು, ನಿಲ್ಸು' ಅಂತ ಹೇಳ್ತಾನೇ ಇರ್ತದೆ. ನಿಮ್ಮಲ್ಲಿ ಒಂದು ಗುಂಪು ಕಣ ಆ ಮಾತು ಕೇಳ್ದೆ ಬೆಳ್ದು ಗಡ್ಡೆ ಕಟ್ಟವೆ. ಹಾಲು ಬಂದಿದ್ದು, ಮುಟ್ಟು ನಿಂತಿದ್ದು, ಮಗು ಆಗ್ದೇ ಇದ್ದಿದ್ದು, ಎಲ್ಲ ಅದರಿಂದ್ಲೇ. ಗಡ್ಡೆ ಮೇಲಕ್ಕೆ ಬೆಳ್ದು ಕಣ್ಣಿನ ನರ ಅಮುಕ್ತಾ ಐತೆ. ಅದಕ್ಕೆ ಎರಡು ಪಕ್ಕ ಕತ್ಲು."

ಅಂಬುಜಮ್ಮ ಸೊಸೆಯ ಕಡೆ ತಿರುಗಿ, "ಹಾಲು ಬತ್ತಿತ್ತಾ?" ಅಂದಳು. ಲತಾಮಣಿ ಸೆರಗು ಕಚ್ಚಿಕೊಂಡಳು. ಮುದುಕಿ ಬೈಗುಳ ಮರೆತವಳ ಹಾಗೆ ಕೂತುಬಿಟ್ಟಳು.

ಮೊದಲು ಎಲ್ಲರಿಗೂ ಧೈರ್ಯ ಬಂತು. ಯಾಕೆಂದರೆ ಇದಕ್ಕೆ ಮಾತ್ರೆ ಇದೆ, ವಾರಕ್ಕೆರಡು ನುಂಗಿದರೆ ಬಹಳ ಜನಕ್ಕೆ ಗಡ್ಡೆ ಕರಗಿಹೋಗುತ್ತದೆ ಅಂತ ಸಿರಿ ಹೇಳಿದ್ದಳು. ಲತಾಮಣಿ ನುಂಗಿದಳು. ವಾಕರಿಕೆ ಬಂದರೂ ನುಂಗಿದಳು, ತಲೆ ಸುತ್ತಿ ಗೋಡೆ ಹಿಡಿದುಕೊಂಡೂ ನುಂಗಿದಳು. ಮತ್ತೆ ಹೋದಾಗ ಕಣ್ಣಿನ ನೋಟ ಇನ್ನೂ ಕಿರಿದಾಗಿತ್ತು. ಡೋಸು ಜಾಸ್ತಿ ಮಾಡಿದರು. ಮತ್ತೆ ಹೋದಾಗ ಇನ್ನೂ ಕಿರಿದು. ಎರಡು ಕೈಯಲ್ಲಿ ಕೊಳವೆ ಮಾಡಿ ಅದರೊಳಗಿಂದ ನೋಡಿದ ಹಾಗೆ ಪ್ರಪಂಚ ಕಾಣುತ್ತಿತ್ತು ಅವಳಿಗೆ.

"ಎಲ್ರಿಗೂ ಕರಗೋ ಗಡ್ಡೆ ಇವಳಿಗೆ ಯಾಕೆ ಕರಗಲ್ಲ?" ಅಂತ ಸ್ವಾಮಿ ಗದರಿದ. ಅದು ಸಿಟ್ಟಲ್ಲ, ಭಯ.

ಸಿರಿ ಕೇಳಿದಳು: "ಹುಳ ಜ್ವರಕ್ಕೆ ಕೂತಾಗ ಸುಣ್ಣ ಚೆಲ್ತೀರಲ್ವಾ?"

ಚೆಲ್ಲುತ್ತಾರೆ. ಹುಳ ಪೊರೆ ಬಿಡುವುದಕ್ಕೆ ಮುಂಚೆ ಒಂದು ದಿನ ತಿನ್ನದೆ ಅಲುಗದೆ ಕೂರುತ್ತವೆ, ಅದಕ್ಕೇ ಜ್ವರ ಅನ್ನುವುದು. ಬೇಗ ಎದ್ದ ಹುಳ ಉಳಿದ ಸೊಪ್ಪಿಗೆ ಬಾಯಿ ಹಾಕದಿರಲಿ ಅಂತ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ.

"ಸೊಪ್ಪು ಅಲ್ಲೇ ಇರ್ತದೆ, ಹುಳ ಮಾತ್ರ ತಿನ್ನಲ್ಲ. ಹಂಗೇ ಇದು" ಅಂದಳು ಸಿರಿ. "ಮೈಯ ಪ್ರತಿ ಕಣದಲ್ಲೂ ಡಿಎನ್‌ಎ ಐತೆ, ಎಲ್ಲ ಜೀನೂ ಅದರಲ್ಲವೆ. ಯಾವ ಕಣ ಯಾವ ಜೀನ್ ಓದ್ಬೇಕು, ಯಾವ್ದು ಓದ್ಬಾರ್ದು ಅನ್ನೋಕೆ ಮಿಥೈಲ್ ಅನ್ನೋ ಪುಟ್ಟ ಗುರುತು ಅಂಟಿರ್ತದೆ. ಅದು ಅಂಟಿದ ಜೀನು ಸುಣ್ಣ ಬಿದ್ದ ಸೊಪ್ಪಿನಂಗೆ, ಕಣ ಅದರ ತಂಟೆಗೆ ಹೋಗಲ್ಲ. ಇದು ಒಳ್ಳೇದೇ. ಇದು ಇರೋದ್ರಿಂದ್ಲೇ ಚರ್ಮದ ಕಣ ಹಾಲಿನ ಹಾರ್ಮೋನ್ ಮಾಡಲ್ಲ, ಗ್ರಂಥಿಯ ಕಣ ಮಾಡ್ತದೆ. ಆದ್ರೆ ಒಂದೊಂದ್ಸಲ ಸುಣ್ಣ ಬೀಳಬಾರದ ಕಡೆ ಬೀಳ್ತದೆ. 'ಸಾಕು ನಿಲ್ಸು' ಅನ್ನೋದನ್ನ ಕೇಳಕ್ಕೆ ಗ್ರಂಥಿಯ ಕಣಕ್ಕೆ ಒಂದು ಕಿವಿ ಬೇಕು ಅಂತಿಟ್ಕಳಿ. ಆ ಕಿವಿ ಮಾಡೋ ಜೀನಿನ ಮೇಲೇ ನಿಮ್ಮ ಗಡ್ಡೇಲಿ ಗುರುತು ಬಿದ್ದಿರಬೌದು ಅಂತ ನಮ್ಮ ಅನುಮಾನ. ಮಾತ್ರೆ ಹೋಗಿ ಕೂಗ್ತೈತೆ, ಕೇಳಕ್ಕೆ ಕಿವಿಯಿಲ್ಲ."

"ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನಂಗಾಯ್ತು" ಅಂದಳು ಅಂಬುಜಮ್ಮ.

ಲತಾಮಣಿ ಮೆಲ್ಲಗೆ ಕೇಳಿದಳು: "ಸುಣ್ಣ ಒರೆಸಕ್ಕಾಗಲ್ವಾ ಡಾಕ್ಟ್ರೇ?"

"ಲ್ಯಾಬಲ್ಲಿ ಒರೆಸಿ ನೋಡವ್ರೆ. ಗಾಜಿನ ಬಟ್ಲಲ್ಲಿ ಬೆಳೆಸಿದ ಇಲಿ ಗ್ರಂಥಿಯ ಕಣದಲ್ಲಿ. ಕಿವಿ ಬಂತು ಅಂತಾರೆ. ಮನುಷ್ಯರಿಗೆ ಕೊಡೋವಂಥದ್ದು ಇನ್ನೂ ಬಂದಿಲ್ಲ."

"ಯಾವಾಗ ಬತ್ತದೆ?"

ಸಿರಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಿಮ್ಮ ಕಣ್ಣು ಅಲ್ಲೀವರೆಗೆ ಕಾಯಲ್ಲ ಕಣಮ್ಮ."

ಮೂಗಿನೊಳಗಿಂದ ದಾರಿ ಮಾಡಿ ಆಪರೇಷನ್ ಮಾಡಿದರು. ಗಡ್ಡೆಯ ಒಂದು ಚೂರು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು, ಅದನ್ನು ಮುಟ್ಟಲು ಆಗಲಿಲ್ಲ. ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸಿದ್ದರು. ಅನುಮಾನ ನಿಜವಾಗಿತ್ತು. ಬಹಳಷ್ಟು ಕಣಗಳಲ್ಲಿ ಆ ಜೀನು ಮುಚ್ಚಿಹೋಗಿತ್ತು, ಕೆಲವಲ್ಲಿ ತೆರೆದಿತ್ತು. ಒಳಗೆ ಉಳಿದ ಚೂರಿನಲ್ಲಿ ಯಾವುದು ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ. ಕಣ್ಣು ಎರಡು ಪಕ್ಕದಲ್ಲೂ ಒಂದಿಷ್ಟು ತೆರೆಯಿತು. ಹಾರ್ಮೋನು ಇಳಿದಿತ್ತು, ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ.

"ಮಾತ್ರೆ ಬಿಡಬೇಡಿ" ಅಂದಳು ಸಿರಿ. "ಉಳಿದಿರೋ ಕಣ ಮಾತು ಕೇಳಿದ್ರೆ ಹಾರ್ಮೋನು ಇಳೀತದೆ, ಮುಟ್ಟು ವಾಪಸ್ ಬತ್ತದೆ. ರಕ್ತ ಪರೀಕ್ಷೆಗಿಂತ ಮುಂಚೆ ನಿಮ್ಮ ಮೈಯೇ ಹೇಳ್ತದೆ. ಬರದೇ ಹೋದ್ರೆ ಚೂರು ಮತ್ತೆ ಬೆಳೀತಾ ಐತೆ ಅಂತ. ಆಮೇಲೆ ರೇಡಿಯೇಷನ್ ಕೊಡಬೇಕಾಯ್ತದೆ. ಅದು ನಿಧಾನ. ಅಷ್ಟರಲ್ಲಿ ಕಣ್ಣು ಉಳೀತದೆ ಅಂತ ನಾನು ಮಾತು ಕೊಡಲಾರೆ."

ಅಲ್ಲಿಗೆ ಊರಿನ ಬಿರುದೇ ಅವಳ ಕುತ್ತಿಗೆಗೆ ಬಂದು ನಿಂತಿತು ನೋಡಿ. ಯಾವುದು ಬರಲಿಲ್ಲ ಅಂತ ಆ ಮನೆ ಮೆರೆದಿತ್ತೋ ಅದು ಬಂದರೆ ಕಣ್ಣು, ಬರದಿದ್ದರೆ ಕತ್ತಲು.

ಅಂಬುಜಮ್ಮನಿಗೆ ಹುಚ್ಚು ಹಿಡಿದ ಹಾಗಾಯಿತು. ಬೆಳಗಾದರೆ ಸೊಸೆಯ ಮುಂದೆ ನಿಂತು, "ಆಯ್ತಾ?" ಅನ್ನುವಳು. ಇಲ್ಲ ಅತ್ತೆ. ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿ ತಿನ್ನಿಸಿದಳು. ಪರಂಗಿಹಣ್ಣು ಎಲ್ಲಿ ಕಂಡರೂ ತಂದಳು. ಮೈಗೆ ಉಷ್ಣವಾಗುವುದು ಅಂತ ಯಾರು ಏನು ಹೇಳಿದರೂ ಅದು ಮಾರನೇ ದಿನ ಒಲೆಯ ಮೇಲೆ ಇರುತ್ತಿತ್ತು. ಕಬ್ಬಾಳಮ್ಮನಿಗೆ ಹರಕೆ, ಸಾವನದುರ್ಗದ ನರಸಿಂಹಸ್ವಾಮಿಗೆ ಹರಕೆ. ದೇವರ ಮುಂದೆ ನಿಂತು ಏನಂತ ಕೇಳುವುದು? "ನಮ್ಮನೆಗೆ ಮೈಲಿಗೆ ಕೊಡು ತಾಯಿ" ಅಂತ ಅಳುತ್ತಿದ್ದಳಂತೆ. ಪೂಜಾರಿ ಹೌಹಾರಿದ್ದ.

ಮಾತ್ರೆ ನುಂಗುತ್ತಲೇ ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು. ಏನೂ ಬರಲಿಲ್ಲ. ಈಗ ಯಾರೂ ಮೊದಲನೇ ತಟ್ಟೆಗೆ ಲತಾಮಣಿಯನ್ನು ಕರೆಯುತ್ತಿರಲಿಲ್ಲ. ರೋಗದ ಕೈ ಅಂದರು. ಬಾಗಿಲಲ್ಲಿ ಹೂವು ಕೊಟ್ಟ ಅದೇ ಬಾಯಿಗಳು! ಅವಳು ಮುಂಜಾನೆ ಎದ್ದ ಕೂಡಲೆ ಅಂಗಳದಲ್ಲಿ ನೆಟ್ಟಗೆ ನಿಂತು ಎರಡು ಕೈಯನ್ನೂ ಮುಂದೆ ಚಾಚಿ, ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ ಬೆರಳು ಆಡಿಸಿ ನೋಡುತ್ತಿದ್ದಳು. ಕೈ ಎಲ್ಲಿಯವರೆಗೆ ಕಾಣುತ್ತದೆ, ಎಲ್ಲಿ ಮಾಯವಾಗುತ್ತದೆ. ಅದೇ ಅವಳ ಪೂಜೆ. ಆಪರೇಷನ್ ಆದಮೇಲೆ ಎಡಗೈ ಅಂಗಳದ ಹಸು ಕಟ್ಟುವ ಗೂಟದ ನೇರದವರೆಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಗೂಟದ ಮುಂಚೆಯೇ ಬೆರಳು ಕಾಣೆಯಾದವು.

ಮೋಡ ಇರಬೇಕು ಅಂದುಕೊಂಡಳು. ಬಿಸಿಲು ಬಂದಮೇಲೆ ನೋಡಿದಳು, ಹಾಗೇ ಇತ್ತು. ಕೈ ಕೆಳಗೆ ಬಿಟ್ಟು ಅಲ್ಲೇ ಕುಸಿದು ಕೂತಳು. ಸತ್ತುಹೋಗಿಬಿಡಬೇಕು ಅನ್ನಿಸಿತು. ಬಾವಿಯಿದೆ, ಹಗ್ಗವಿದೆ, ಹುಳಿನ ಮನೆಯ ಔಷಧಿ ಡಬ್ಬವಿದೆ. ಇವೆಲ್ಲ ಒಂದೊಂದಾಗಿ ಮನಸ್ಸಿಗೆ ಬಂದವು. ಮೂವತ್ತು ತುಂಬದ ಹೆಂಗಸು, ಗೋಡೆ ತಡವಿಕೊಂಡು ಬದುಕೆಲ್ಲ ಹೇಗೆ ಕಳೆಯುವುದು? ಹುಳವನ್ನು ಮುಟ್ಟಿ ಮುಟ್ಟಿ ಎಣಿಸಬೇಕೇ? ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಎದ್ದು ತಿರುಗಿದರೆ ಹಿಂದೆ ಅಂಬುಜಮ್ಮ. ಎಷ್ಟು ಹೊತ್ತಿಂದ ನಿಂತಿದ್ದಳೋ.

"ಕಾಣ್ನಿಲ್ವಾ?" ಅಂದಳು ಮುದುಕಿ.

"ಇಲ್ಲ ಅತ್ತೆ."

ಅಂಬುಜಮ್ಮ ಒಳಗೆ ಹೋದಳು. ಒಂದು ಹಳೇ ಸೀರೆ, ಒಂದು ಚೊಂಬು, ಒಂದು ಈಚಲು ಚಾಪೆ ತೆಗೆದುಕೊಂಡು ಬಂದವಳೇ ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಹುಳ ಆಗಷ್ಟೇ ಕೊನೇ ಜ್ವರದಿಂದ ಎದ್ದಿದ್ದವು. ಗಂಟೆ ಗಂಟೆಗೂ ಸೊಪ್ಪು ಬೇಕಾದ ದಿನ. ಸ್ವಾಮಿ ಓಡಿಬಂದ.

"ಅವ್ವ, ಏನಾಯ್ತೇ ನಿಂಗೆ? ಮೇಲಕ್ಕೇಳು, ಹುಳ ಹಸ್ಕಂಡವೆ!"

"ನಾನು ಹೊರಗಾಗಿವ್ನಿ. ಮುಟ್ಬೇಡ."

"ಈ ವಯಸ್ನಲ್ಲಾ?"

"ಹೂಂ ಕಣ್ಲಾ, ಈ ವಯಸ್ನಲ್ಲೇ. ಈ ಕಲ್ಲು ಖಾಲಿ ಬಿದ್ದೈತೆ ಅಂತ ಊರೆಲ್ಲ ಸಾರ್ಕಂಡು ಬಂದೋಳು ನಾನು. ಅವಳ ಮುಟ್ಟನ್ನ ಈ ಮನೆಯಿಂದ ಓಡ್ಸಿದ್ದೇ ನಾನು. ಅದು ಬರೋಗಂಟ ಈ ಕಲ್ಲ ನಾನು ಕಾಯ್ತೀನಿ. ಒಳಕ್ ಬರಾಕಿಲ್ಲ. ಬೆಳೆ ಹಾಳಾಗೋಗ್ಲಿ."

ಬೆಳೆ ಹಾಳಾಗಲಿ! ಅಂಬುಜಮ್ಮನ ಬಾಯಲ್ಲಿ! ಸ್ವಾಮಿ ಕೈ ಮುಗಿದ, ಗದರಿದ, ಅತ್ತ. ಊರವರು ಬಂದು ನೋಡಿ ಮುದುಕಿಗೆ ಅರಳುಮರಳು ಅಂದರು. ಅವಳು ಅಲ್ಲಾಡಲಿಲ್ಲ. ಅಲ್ಲೇ ಉಂಡಳು, ಅಲ್ಲೇ ಮಲಗಿದಳು.

ಒಳಗಿನ ದುಡಿಮೆಯೆಲ್ಲ ಲತಾಮಣಿಯ ತಲೆಗೆ ಬಿತ್ತು. ಸ್ವಾಮಿ ತೋಟದಿಂದ ಸೊಪ್ಪು ಕೊಯ್ದು ತರುವುದು, ಇವಳು ಹಾಕುವುದು. ಅಂಚು ತಪ್ಪದಿರಲಿ ಅಂತ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ತಿರುಗಿಸಿ ಹಾಕಿದಳು. ಕುತ್ತಿಗೆ ಬಿದ್ದುಹೋಯಿತು. ಸೊಂಟ ಹಿಡಿದುಕೊಂಡಿತು. ಬಾವಿಯ ಯೋಚನೆ ಮಾಡುವುದಕ್ಕೂ ಅವಳಿಗೆ ಬಿಡುವಿರಲಿಲ್ಲ. ಸಾಯಬೇಕೆಂದರೂ ಸೊಪ್ಪು ಹಾಕಿ ಮುಗಿಸಬೇಕಲ್ಲ. ಮುದುಕಿಯ ಮೇಲೆ ಅಸಾಧ್ಯ ಸಿಟ್ಟು ಬಂತು, ಅಷ್ಟೇ ಅಳುವೂ ಬಂತು. ಬಾಗಿಲ ಸಂದಿಯಿಂದ ನೋಡಿದರೆ, ಒಂದು ಕಾಲದಲ್ಲಿ ತಾನು ಕೂರುತ್ತಿದ್ದ ಹಾಗೇ ಮಂಡಿ ತಬ್ಬಿಕೊಂಡು ತಲೆ ತಗ್ಗಿಸಿ ಕೂತಿದ್ದಳು ಅಂಬುಜಮ್ಮ.

ಹುಳ ಹಣ್ಣಾಗಿ ಗೂಡು ಕಟ್ಟುವುದಕ್ಕೆ ಇನ್ನೇನು ಒಂದೆರಡು ದಿನ ಇರಬೇಕು, ಮಧ್ಯಾಹ್ನದ ಸೊಪ್ಪು ಹಾಕುತ್ತಿದ್ದಾಗ ಕೆಳಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಹೊರೆ ಎತ್ತಿದ್ದಕ್ಕಿರಬೇಕು ಅಂತ ಮುಂದಿನ ತಟ್ಟೆಗೆ ಹೋದಳು. ಮತ್ತೆ ಕಿವುಚಿತು. ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಆ ನೋವನ್ನು, ಆ ಬಿಸಿಯನ್ನು ಅವಳು ಮರೆತೇಬಿಟ್ಟಿದ್ದಳು. ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ಸೀರೆ ಎತ್ತಿ, ಬಗ್ಗಿ, ನೇರಕ್ಕೆ ನೋಡಿದಳು. ನೇರಕ್ಕಿದ್ದದ್ದು ಅವಳಿಗೆ ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು.

ಹುಳಿನ ಮನೆಯ ನಟ್ಟನಡುವೆ, ತಿನ್ನುವ ಹುಳಗಳ ನಡುವೆ ನಿಂತು ಲತಾಮಣಿ ಬಾಯಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹುಳ ತಮ್ಮ ಪಾಡಿಗೆ ತಿನ್ನುತ್ತಲೇ ಇದ್ದವು. ಒಂದೂ ಸಾಯಲಿಲ್ಲ.

ಆಮೇಲೆ ಬಾಗಿಲು ದಾಟಿ ಹೊರಗೆ ಬಂದಳು. ದಾರಂದ ತಗುಲಿತು, ಲೆಕ್ಕಕ್ಕಿಡಲಿಲ್ಲ. ಕಲ್ಲಿನ ಮುಂದೆ ನಿಂತಳು.

"ಏಳಿ ಅತ್ತೆ."

"ಏಳಾಕಿಲ್ಲ. ಒಳಕ್ ಹೋಗು ನೀನು, ಸೊಪ್ಪು ಹಾಕೋಗು."

"ಏಳಿ ಅಂದೆ. ಜಾಗ ಬುಡಿ. ಅದು ನನ್ನ ಜಾಗ."

ಅಂಬುಜಮ್ಮ ತಲೆ ಎತ್ತಿದಳು. ಸೊಸೆಯ ಮುಖ ನೋಡಿದಳು, ಸೀರೆಯ ನೆರಿಗೆ ನೋಡಿದಳು, ಮತ್ತೆ ಮುಖ ನೋಡಿದಳು. ಬಾಯಿ ತೆರೆದುಕೊಂಡಿತು. ಕೂತಲ್ಲೇ ಒಂದಿಷ್ಟು ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಲತಾಮಣಿ ಕೂತಳು. ಮುಟ್ಟಬಾರದು ಅನ್ನುವುದು ಇಬ್ಬರಿಗೂ ನೆನಪಾಗಲಿಲ್ಲ. ಮುದುಕಿ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು, "ಬಂತಾ ಮಗ, ಬಂತಾ" ಅಂತ ಒಂದೇ ಸಮನೆ ಕೇಳಿದಳು. ಬಂತು ಅತ್ತೆ, ಬಂತು.

ಎಷ್ಟೋ ಹೊತ್ತಾದಮೇಲೆ ಸ್ವಾಮಿ ಹಿಂಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸಿದ ಸದ್ದು ಕೇಳಿಸಿತು.

"ಎಲ್ರೂ ಎಲ್ಲೋದ್ರೋ? ಹುಳ ಬಾಯ್ ಬಿಟ್ಕಂಡು ಕುಂತವೆ, ಸೊಪ್ಪು ಹಾಕೋರು ಯಾರು?"

"ನೀನೇ ಹಾಕ್ಲಾ!" ಅಂತ ಅಂಬುಜಮ್ಮ ಕೂತಲ್ಲಿಂದಲೇ ಕೂಗಿದಳು. "ನಾವಿಬ್ರೂ ಹೊರಗಾಗಿವಿ. ಅಂಚಿಗೂ ಹಾಕು, ನೋಡ್ಕಂಡು!"